ಬೇಸಿಗೆ ಬಂದರೆ ಬತ್ತುವ ಹಾಲು: ಸೀಮೆಹಸುಗಳನ್ನು ಉಳಿಸಿಕೊಳ್ಳುವುದೋ, ಮಾರುವುದೋ?

ಮುಳಬಾಗಿಲಿನ ಹೈನುಗಾರ್ತಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ನಾಲ್ಕು ಸೀಮೆಹಸುಗಳಿವೆ, ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಒಂದು ಜರ್ಸಿ. ಮಳೆಯನ್ನು ನಂಬಿದ ಎರಡು ಎಕರೆ ಹೊಲದಿಂದ ಮನೆಗೆ ರಾಗಿ, ದನಕ್ಕೆ ಹುಲ್ಲು ಬರುತ್ತದೆ. ಉಳಿದುದೆಲ್ಲ, ಮಕ್ಕಳ ಶಾಲೆಯ ಶುಲ್ಕದಿಂದ ಹಿಡಿದು ಸಂಘದ ಸಾಲದ ಕಂತಿನವರೆಗೆ, ಡೇರಿಯ ಬಟವಾಡೆಯಿಂದಲೇ ನಡೆಯಬೇಕು.

ಮೂರು ಬೇಸಿಗೆಗಳಿಂದ ಹಾಲಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಈ ವರ್ಷ ಫೆಬ್ರುವರಿಯಲ್ಲಿ ದೊಡ್ಡ ಹಸು ಎರಡು ಹೊತ್ತಿಗೆ 17 ಲೀಟರ್ ಕೊಡುತ್ತಿತ್ತು. ಏಪ್ರಿಲ್ ಮೂರನೆಯ ವಾರಕ್ಕೆ 11ಕ್ಕೆ ಇಳಿಯಿತು. ಇಳಿದ ಹಾಲಿಗೂ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಶೇ 8.5 ಮುಟ್ಟುವುದಿಲ್ಲವೆಂದು ದರ ಕಡಿತವಾಗುತ್ತಿದೆ. "ನೀರು ಬೆರೆಸಿದಿರಾ?" ಎಂದು ಡೇರಿಯ ಸಾಲಿನಲ್ಲಿ ಎಲ್ಲರೆದುರು ಕೇಳಿದ ದಿನ ನಾನು ಕ್ಯಾನು ಹಿಡಿದುಕೊಂಡು ಅಳುತ್ತಾ ಮನೆಗೆ ಬಂದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕೊಟ್ಟಿಗೆಗೆ ಹೋದರೆ ನೋಡಲಾಗುವುದಿಲ್ಲ. ಹಸು ಕತ್ತನ್ನು ಮುಂದಕ್ಕೆ ಚಾಚಿ, ಬಾಯಿ ತೆರೆದು ಏದುಸಿರು ಬಿಡುತ್ತಾ ನಿಂತಿರುತ್ತದೆ. ಜೊಲ್ಲು ದಾರದಂತೆ ನೆಲದವರೆಗೆ ಇಳಿದಿರುತ್ತದೆ. ಮಲಗುವುದೂ ಇಲ್ಲ, ಗೋದಲಿಯಲ್ಲಿ ಹಾಕಿದ ಹುಲ್ಲನ್ನು ಮೂಸಿ ಬಿಟ್ಟುಬಿಡುತ್ತದೆ. ಇನ್ನೊಂದು ಹಸುವಿಗೆ ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಕಟ್ಟಲಿಲ್ಲ.

ನಾಟಿ ಹಸು ಇದ್ದ ಕಾಲದಲ್ಲಿ ಇಂಥದ್ದನ್ನು ಕಂಡಿರಲಿಲ್ಲ ಎಂದು ಅತ್ತೆ ಹೇಳುತ್ತಾರೆ. ಇವನ್ನು ಮಾರಿ ಮೂವತ್ತು ಕುರಿ ತರೋಣ ಎಂದು ಯಜಮಾನರು ಹೇಳುತ್ತಾರೆ. ಅನುಭವ ಇದ್ದವರು ದಯವಿಟ್ಟು ದಾರಿ ತೋರಿಸಿ.

ನಿವೃತ್ತ ಪಶುವೈದ್ಯ

ಕೊಟ್ಟಿಗೆಯ ಮಾಡು ಹೆಂಚಿನದೋ, ಶೀಟಿನದೋ? ಎತ್ತರ ಎಷ್ಟು? ಅದನ್ನು ಮೊದಲು ತಿಳಿಸಮ್ಮ.

ಮುಳಬಾಗಿಲಿನ ಹೈನುಗಾರ್ತಿ

ಶೀಟು, ಸರ್. ಎತ್ತರ ಎಂಟು ಅಡಿ. ಕುಡಿಯುವ ನೀರು ಶೀಟಿನ ಪಕ್ಕದ ಕಪ್ಪು ಸಿಂಟೆಕ್ಸ್ ಟ್ಯಾಂಕಿನಿಂದ ಬರುತ್ತದೆ.

ನಿವೃತ್ತ ಪಶುವೈದ್ಯ

ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ. ಎಚ್‌ಎಫ್ ತಳಿ ಯುರೋಪಿನ ತಂಪು ಸೀಮೆಯದು. ಗಾಳಿಯ ಉಷ್ಣಾಂಶ 25 ಡಿಗ್ರಿಯ ಆಸುಪಾಸು ದಾಟಿತೆಂದರೆ ಅದಕ್ಕೆ ಕಷ್ಟ ಆರಂಭವಾಗುತ್ತದೆ. ಹೊರಗಿನ ಬಿಸಿಲು ಒಂದು ಕಡೆಯಾದರೆ, ತಿಂದ ಮೇವು ಹೊಟ್ಟೆಯಲ್ಲಿ ಹುದುಗುವಾಗ ಹುಟ್ಟುವ ಶಾಖ ಇನ್ನೊಂದು ಕಡೆ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನಬೇಕು, ಹೆಚ್ಚು ತಿಂದಷ್ಟೂ ಒಳಗಿನ ಬೆಂಕಿ ಹೆಚ್ಚು. ಆದ್ದರಿಂದ ಅದು ತನ್ನನ್ನು ತಾನು ಉಳಿಸಿಕೊಳ್ಳಲು ಮೊದಲು ಮೇವು ಬಿಡುತ್ತದೆ, ಆಮೇಲೆ ಹಾಲು ಬಿಡುತ್ತದೆ. ನಿಮ್ಮ ಹಸು ಮೇವನ್ನು ಮೂಸಿ ಬಿಡುವುದರ ಅರ್ಥ ಇದೇ.

ಜೊಲ್ಲಿನ ಜೊತೆಗೆ ಹೊಟ್ಟೆಯ ಹುಳಿಯನ್ನು ತಗ್ಗಿಸುವ ಕ್ಷಾರವೂ ಹೊರಗೆ ಹೋಗುತ್ತದೆ. ಅದು ಕಡಿಮೆಯಾದಾಗ ಹಾಲಿನ ಫ್ಯಾಟು, ಅಂದರೆ ಕೊಬ್ಬಿನಂಶ, ಕುಸಿಯುತ್ತದೆ. ಮೇವು ಬಿಟ್ಟ ಹಸುವಿನ ಹಾಲಿನಲ್ಲಿ ಪ್ರೋಟೀನು ಕಡಿಮೆಯಾಗಿ ಎಸ್‌ಎನ್‌ಎಫ್ ಕೂಡ ಇಳಿಯುತ್ತದೆ. ಇದರಲ್ಲಿ ನೀರು ಬೆರೆಸಿದ ಮಾತೇ ಬರುವುದಿಲ್ಲ. ಯಾರಾದರೂ ಮತ್ತೆ ಕೇಳಿದರೆ ಇದನ್ನು ಧೈರ್ಯವಾಗಿ ಹೇಳಿ. ಸೆಕೆಯಲ್ಲಿ ಹಸು ಬೆದೆಗೆ ಬಂದರೂ ಕೂಗುವುದಿಲ್ಲ, ಹತ್ತುವುದಿಲ್ಲ. ಅದನ್ನೇ ನಾವು ಮೂಕ ಬೆದೆ ಎನ್ನುತ್ತೇವೆ. ಕಟ್ಟಿದ ಭ್ರೂಣವೂ ಮೊದಲ ವಾರದ ಬಿಸಿಗೆ ಉಳಿಯದೆ ಹೋಗಬಹುದು.

ಈಗ ಮಾಡಬೇಕಾದುದು: ಶೀಟಿನ ಮೇಲೆ ತೆಂಗಿನ ಗರಿಯನ್ನು ದಪ್ಪವಾಗಿ ಹೊದಿಸಿ. ಟ್ಯಾಂಕನ್ನು ಮರದ ನೆರಳಿಗೆ ಸರಿಸಿ. ಬಿಸಿಯಾದ ನೀರನ್ನು ಹಸು ಬೇಕಾದಷ್ಟು ಕುಡಿಯುವುದಿಲ್ಲ, ಬೇಸಿಗೆಯಲ್ಲಿ ಹಾಲು ಕರೆಯುವ ಹಸುವಿಗೆ ದಿನಕ್ಕೆ 80 ಲೀಟರಿಗಿಂತ ಹೆಚ್ಚು ನೀರು ಬೇಕಾಗುತ್ತದೆ. ಒಣ ಹುಲ್ಲು ಮತ್ತು ಹಿಂಡಿಯನ್ನು ಬೆಳಗಿನ ಐದರೊಳಗೆ ಹಾಗೂ ರಾತ್ರಿ ಎಂಟರ ಮೇಲೆ ಕೊಡಿ. ಹತ್ತಿರದ ವೈದ್ಯರನ್ನು ಕೇಳಿ, ಪಶು ಆಹಾರದ ಜೊತೆ ಅಡುಗೆ ಸೋಡವನ್ನು ಅವರು ಹೇಳಿದ ಅಳತೆಯಲ್ಲಿ ಬೆರೆಸಿ. ಮಧ್ಯಾಹ್ನ ಮೈಮೇಲೆ ನೀರು ಎರಚಿ ಫ್ಯಾನ್ ಹಾಕಿ.

ಕುಂಬಳೆ ಕನ್ನಡಿಗ

ವೈದ್ಯರೇ, ಕೊನೆಯ ಮಾತಿಗೆ ಒಂದು ತಿದ್ದುಪಡಿ ಬೇಕು. ನಮ್ಮ ಕರಾವಳಿಯಲ್ಲಿ ನೀರು ಎರಚಿದರೆ ಅದು ಆರುವುದೇ ಇಲ್ಲ, ಕೊಟ್ಟಿಗೆಯ ಒಳಗೆ ಹಬೆ ತುಂಬಿದಂತಾಗಿ ಹಸು ಇನ್ನಷ್ಟು ಬಳಲುತ್ತದೆ. ನಾನು ಖರ್ಚು ಮಾಡಿ ಹಾಕಿಸಿದ, ಮಂಜಿನಂತೆ ನೀರು ಸಿಂಪಡಿಸುವ ಕೊಳವೆಯನ್ನು ಒಂದೇ ತಿಂಗಳಲ್ಲಿ ಬಿಚ್ಚಿಸಿದೆ.

ನಿವೃತ್ತ ಪಶುವೈದ್ಯ

ಒಪ್ಪುತ್ತೇನೆ, ನಾನು ಹೇಳಿದ್ದು ಕೋಲಾರದ ಒಣ ಹವೆಗೆ ಮಾತ್ರ. ದನದ ಸೆಕೆಯನ್ನು ಉಷ್ಣಾಂಶ ಮತ್ತು ತೇವ ಎರಡನ್ನೂ ಕೂಡಿಸಿ ಅಳೆಯುವುದು ಅದಕ್ಕಾಗಿಯೇ. ಆ ಸೂಚ್ಯಂಕ 72 ದಾಟಿದರೆ ಹೆಚ್ಚು ಹಾಲಿನ ಹಸುವಿಗೆ ತೊಂದರೆ ಎಂದು ಲೆಕ್ಕ. ಕರಾವಳಿಯಲ್ಲಿ ಗಾಳಿ ಆಡಬೇಕು, ನೀರು ಬೇಡ.

ತಿಪಟೂರು ತೋಟ

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ರಾಗಿ ಹೊಲಗಳೆಲ್ಲ ಅಡಿಕೆ ತೋಟಗಳಾದವು; ಅಡಿಕೆ ಮರ ದನಕ್ಕೆ ಏನು ಕೊಡುತ್ತದೆ? ಉಳಿದ ರಾಗಿಯನ್ನು ಯಂತ್ರದಲ್ಲಿ ಕೊಯ್ಯಿಸುತ್ತಾರೆ, ಮೊಣಕಾಲೆತ್ತರದ ಕೂಳೆ ಹೊಲದಲ್ಲೇ ನಿಲ್ಲುತ್ತದೆ, ಸಿಗುವ ಹುಲ್ಲು ಪುಡಿಯಾಗಿರುತ್ತದೆ. ಉತ್ತರದಲ್ಲಿ ಜೋಳ ಹೋಗಿ ಹತ್ತಿ, ಸೋಯಾ ಬಂದವು. ಗೋಮಾಳಗಳು ನಿವೇಶನಗಳಾದವು. ನಮ್ಮ ಅಜ್ಜನ ಹಿತ್ತಿಲಿನಲ್ಲಿ ಎರಡು ವರ್ಷದ ಹುಲ್ಲಿನ ಬಣವೆ ಇರುತ್ತಿತ್ತು, ಒಂದು ವರ್ಷ ಮಳೆ ಕೈಕೊಟ್ಟರೂ ದನ ಮಾರುವ ಪ್ರಸಂಗ ಬರುತ್ತಿರಲಿಲ್ಲ. ಇಂದು ಬಣವೆ ಇರುವ ಮನೆ ಊರಿಗೆ ನಾಲ್ಕು. ಬಣವೆಯನ್ನು ಕಳೆದುಕೊಂಡವರು ನಾವು, ಮೋಡವಲ್ಲ.

ಚಳ್ಳಕೆರೆ ಕಾವಲು

ತೋಟದವರ ಮಾತು ಕಹಿಯಾದರೂ ನಿಜ. ನಮ್ಮ ಭಾಗದಲ್ಲಿ ಅಮೃತ ಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟಿದ್ದ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕಾವಲು ಎಂದರೆ ಬಂಜರು ಎಂದು ಕಾಗದದಲ್ಲಿ ಬರೆದವರಿಗೆ, ಮಳೆ ಹೋದ ವರ್ಷ ಹತ್ತಾರು ಹಳ್ಳಿಗಳ ಕುರಿ ಮತ್ತು ದನ ಅಲ್ಲಿಯೇ ಬದುಕುತ್ತಿದ್ದವು ಎಂಬುದು ತಿಳಿದಿರಲಿಲ್ಲ.

ನಿವೃತ್ತ ಪಶುವೈದ್ಯ

ತಿಪಟೂರಿನವರೇ, ನೀವು ಹೇಳಿದ ಕಾರಣಗಳು ಸರಿ, ಆದರೆ ಅವುಗಳಿಂದ ಹವಾಮಾನದ ಕಾರಣ ಸುಳ್ಳಾಗುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅದರ ಹಿಂದಿನ ವರ್ಷ ಅತಿವೃಷ್ಟಿಯಿಂದ ಹೊಲದಲ್ಲಿದ್ದ ಬೆಳೆ ಕೊಳೆತಿತ್ತು. ಒಂದು ವರ್ಷ ಹುಲ್ಲು ಕೊಳೆತು, ಮರುವರ್ಷ ಹುಲ್ಲೇ ಬೆಳೆಯದಿದ್ದರೆ ಯಾವ ಅಜ್ಜನ ಬಣವೆ ತಡೆದೀತು? ಬಣವೆ ಕರಗಿದ ಊರಿಗೆ ಇಂಥ ಜೋಡಿ ವರ್ಷ ಬಂದಾಗ ಪೆಟ್ಟು ಇಮ್ಮಡಿಯಾಗುತ್ತದೆ, ನಾನು ಹೇಳುವುದು ಅಷ್ಟೇ.

ಕೊಪ್ಪಳದ ಕುರಿಗಾಹಿ

ಅಕ್ಕಾವರೇ, ನಿಮ್ಮ ಯಜಮಾನರು ಕುರಿ ತರುವ ಮೊದಲು ನನ್ನ ಮಾತನ್ನು ಒಮ್ಮೆ ಕೇಳಲಿ. ನಮ್ಮದು ಮೂರು ತಲೆಮಾರಿನ ಹಿಂಡು, ಈಗ ನೂರೈವತ್ತು ಕುರಿಗಳಿವೆ. ಕುರಿಯು ಬಿಸಿಲನ್ನು ಎಚ್‌ಎಫ್ ಹಸುವಿಗಿಂತ ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ. ಆದರೆ ಅದು ತಡೆಯದಿರುವುದು ಹೊತ್ತಲ್ಲದ ಹೊತ್ತಿನ ಮಳೆಯನ್ನು.

ನಾವು ಸುಗ್ಗಿ ಮುಗಿದ ಹೊಲಗಳನ್ನು ಹಿಡಿದು ಊರಿಂದೂರಿಗೆ ಹೋಗುತ್ತೇವೆ, ರಾತ್ರಿ ರೈತರ ಹೊಲದಲ್ಲಿ ಕುರಿ ತರುಬುತ್ತೇವೆ, ಗೊಬ್ಬರಕ್ಕೆ ಪ್ರತಿಯಾಗಿ ಅವರು ಕಾಳು ಅಥವಾ ಹಣ ಕೊಡುತ್ತಾರೆ. ಯಾವ ನಕ್ಷತ್ರದ ಮಳೆಗೆ ಯಾವ ಊರಿನಲ್ಲಿರಬೇಕು ಎಂಬುದು ನಮ್ಮ ಹಿರಿಯರಿಗೆ ಬಾಯಿಪಾಠವಾಗಿತ್ತು. ಈಗ ಆ ಲೆಕ್ಕ ಕೂಡುವುದಿಲ್ಲ. ಹಿಂಗಾರು ತಡವಾಗಿ ಒಮ್ಮೆಲೇ ಸುರಿದರೆ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಹಿಂಡು ಕೆಸರಿನಲ್ಲಿಯೇ ರಾತ್ರಿ ಕಳೆಯಬೇಕು. ಗೊರಸಿನ ಸಂದಿ ಕೊಳೆತು ಕುರಿ ಮೊಣಕಾಲೂರಿ ಮೇಯುತ್ತದೆ. ಸಣ್ಣ ನುಸಿಗಳು ಏಳುತ್ತವೆ, ಅವುಗಳ ಹಿಂದೆಯೇ ನೀಲಿ ನಾಲಿಗೆ ರೋಗ ಬರುತ್ತದೆ: ಮೂತಿ ಊದಿಕೊಂಡು, ಬಾಯಿ ಹುಣ್ಣಾಗಿ ಮೇವು ಮುಟ್ಟದೆ ಒಂದು ವಾರದಲ್ಲಿ ಒಳ್ಳೆಯ ಕುರಿಗಳು ಹೋಗಿಬಿಡುತ್ತವೆ.

ಮಳೆ ಹೋದರೂ ಇನ್ನೊಂದು ಅಪಾಯವಿದೆ. ನೀರಿಲ್ಲದೆ ಗಿಡ್ಡಕ್ಕೆ ನಿಂತ ಎಳೆಯ ಜೋಳ ಮತ್ತು ಕೊಯ್ದ ಮೇಲೆ ಚಿಗುರಿದ ಕೂಳೆ ವಿಷವಾಗುತ್ತವೆ. ಮಳೆ ಹೋದ ಒಂದು ವರ್ಷ ನನ್ನ ತಮ್ಮ ಹೊಸ ದಾರಿಯಲ್ಲಿ ಹೋಗಿ ಅಂಥ ಹೊಲಕ್ಕೆ ಹಿಂಡು ಬಿಟ್ಟ. ಹದಿನೈದು ನಿಮಿಷವೂ ಆಗಿರಲಿಲ್ಲ, ಮುಂದಿನ ಸಾಲಿನ ಒಂಬತ್ತು ಕುರಿಗಳು ತೂರಾಡಿ ಬಿದ್ದವು. ಡಾಕ್ಟರು ಬರುವಷ್ಟರಲ್ಲಿ ಆರು ಸತ್ತಿದ್ದವು. ಹಳೆಯ ದಾರಿಯಲ್ಲಿ ಮೇವಿದ್ದಿದ್ದರೆ ಅವನು ಆ ಹೊಲಕ್ಕೆ ಹೋಗುತ್ತಲೇ ಇರಲಿಲ್ಲ.

ನಿವೃತ್ತ ಪಶುವೈದ್ಯ

ಅದು ಸೈನೈಡ್ ವಿಷ. ಜೋಳ ಹೂವಿಗೆ ಬರುವ ಮುನ್ನ, ಅದರಲ್ಲೂ ಬರದಲ್ಲಿ ಬಾಡಿದ್ದರೆ, ಹಸಿಯಾಗಿ ಮೇಯಿಸಲೇಬಾರದು. ಸಮಯಕ್ಕೆ ಸಿಕ್ಕರೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಚುಚ್ಚುಮದ್ದು ಜೀವ ಉಳಿಸುತ್ತದೆ, ಆದರೆ ಆ ಸಮಯ ಸಿಗುವುದು ಅಪರೂಪ.

ಚಿಕ್ಕೋಡಿ ಎಮ್ಮೆ

ಎಮ್ಮೆಯನ್ನು ಯಾರೂ ನೆನೆಯಲಿಲ್ಲವಲ್ಲ! ಕಪ್ಪು ಚರ್ಮ, ಬೆವರುವುದು ಕಡಿಮೆ. ಅದಕ್ಕೆ ಕೆರೆಯೇ ಬೆವರು. ನಮ್ಮೂರ ಕೆರೆ ಫೆಬ್ರುವರಿಗೇ ಬಿರುಕು ಬಿಟ್ಟರೆ ಎಮ್ಮೆಗಳು ಅಭ್ಯಾಸ ಬಲದಿಂದ ಅಲ್ಲಿಗೇ ಹೋಗಿ ಒಣ ಮಣ್ಣಿನಲ್ಲಿ ಮೊಣಕಾಲೂರಿ ಮಲಗುತ್ತವೆ. ಅದನ್ನು ನೋಡಿದಾಗಿನಿಂದ ದಿನಕ್ಕೆರಡು ಸಲ ಕೊಡದಿಂದ ನೀರು ಹೊತ್ತು ಸುರಿಯುತ್ತಿದ್ದೇನೆ. ಕರು ಹಾಕುವ ಅಂತರ ಹದಿನಾಲ್ಕು ತಿಂಗಳಿನಿಂದ ಹತ್ತೊಂಬತ್ತಕ್ಕೆ ಹೋಗಿದೆ.

ಬೆಂಗಳೂರಿನ ವಿದ್ಯಾರ್ಥಿ

ಎಲ್ಲರ ಕಷ್ಟವನ್ನೂ ಗೌರವಿಸಿಯೇ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಜಗತ್ತಿನಲ್ಲಿ ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಶೇ 14.5ರಷ್ಟು ಪಶುಪಾಲನೆಯಿಂದ ಬರುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೇಳಿತ್ತು, ಈಚಿನ ಲೆಕ್ಕದಲ್ಲಿ ಅದು ಸುಮಾರು ಶೇ 12. ಮೆಲುಕು ಹಾಕುವ ದನ ತೇಗಿನಲ್ಲಿ ಬಿಡುವ ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯೇರಿಸುತ್ತದೆ. ಹಾಗಾದರೆ ದನಗಳ ಸಂಖ್ಯೆಯನ್ನೇ ತಗ್ಗಿಸುವುದು ಪರಿಹಾರವಲ್ಲವೇ?

ಕೊಪ್ಪಳದ ಕುರಿಗಾಹಿ

ತಮ್ಮಾ, ನಾನು ವರ್ಷದಲ್ಲಿ ಎಂಟು ತಿಂಗಳು ನಡೆದೇ ತಿರುಗುತ್ತೇನೆ. ನನ್ನ ಹಿಂಡು ತಿನ್ನುವುದು ಕೊಯ್ದ ಹೊಲದ ಕಸ. ನನ್ನ ಬಿಡಾರಕ್ಕೆ ಒಂದು ಬಲ್ಬೂ ಇಲ್ಲ. ತಗ್ಗಿಸುವುದನ್ನು ನನ್ನಿಂದಲೇ ಆರಂಭಿಸಬೇಕೆಂದು ನಿನಗೆ ನಿಜವಾಗಿಯೂ ಅನ್ನಿಸುತ್ತದೆಯೇ?

ನಿವೃತ್ತ ಪಶುವೈದ್ಯ

ಪ್ರಶ್ನೆ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹಾಲು ಬತ್ತಿದ ಹಸುವೂ, ಎರಡು ವರ್ಷ ಕಟ್ಟದೆ ನಿಂತ ಹಸುವೂ ಮೀಥೇನ್ ಬಿಡುತ್ತಲೇ ಇರುತ್ತವೆ. ಸೆಕೆಯಿಂದ ಕಾಪಾಡಿ, ಒಳ್ಳೆಯ ಮೇವು ಕೊಟ್ಟು, ಸಮಯಕ್ಕೆ ಗಬ್ಬ ಕಟ್ಟಿಸಿದರೆ ಅಷ್ಟೇ ಹಾಲಿಗೆ ಕಡಿಮೆ ದನ ಸಾಕು. ಮುಳಬಾಗಿಲಿನ ತಾಯಿಗೆ ನೆರವಾಗುವ ಕೆಲಸವೇ ಗಾಳಿಗೂ ನೆರವಾಗುತ್ತದೆ.

ಬೆಂಗಳೂರಿನ ವಿದ್ಯಾರ್ಥಿ

ಈ ಕೋನದಿಂದ ನಾನು ಯೋಚಿಸಿರಲಿಲ್ಲ. ಅಣ್ಣ, ನಿಮ್ಮನ್ನು ನೋಯಿಸಿದ್ದರೆ ಕ್ಷಮಿಸಿ.

ಕುಂಬಳೆ ಕನ್ನಡಿಗ

ಇಲ್ಲಿಯವರೆಗೆ ಯಾರೂ ಎತ್ತದ ಒಂದು ವಿಷಯವಿದೆ. ದನ ಸತ್ತರೆ ವಿಮೆ ಇದೆ, ಪರಿಹಾರವೂ ಇದೆ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ ಕರ್ನಾಟಕ ಸರ್ಕಾರ 20,000 ರೂಪಾಯಿ ಪರಿಹಾರ ಘೋಷಿಸಿತ್ತು. ಆದರೆ ಸಾಯದೆ ಆರು ಲೀಟರ್ ಹಾಲು ಕಳೆದುಕೊಂಡ ಹಸುವಿಗೆ ಏನು? ಅಕ್ಕ ಬರೆದಿಟ್ಟ ನೋಟ್‌ಬುಕ್ಕಿನಲ್ಲಿರುವ ನಷ್ಟ ಯಾವ ಕಚೇರಿಯ ಲೆಕ್ಕಕ್ಕೂ ಸೇರುವುದಿಲ್ಲ.

ನಮ್ಮ ಕಾಸರಗೋಡು ಸೇರಿರುವ ಕೇರಳದ ಮಲಬಾರ್ ಪ್ರಾದೇಶಿಕ ಹಾಲು ಒಕ್ಕೂಟ ಇದಕ್ಕೊಂದು ದಾರಿ ಹುಡುಕಿತು. ಬೇಸಿಗೆಯಲ್ಲಿ ಉಷ್ಣಾಂಶ ನಿಗದಿತ ಮಿತಿಯನ್ನು ಸತತವಾಗಿ ಇಷ್ಟು ದಿನ ಮೀರಿದರೆ ವಿಮೆಯ ಹಣ ರೈತರಿಗೆ ಬರುತ್ತದೆ. ಹಸು ಸಾಯಬೇಕಾಗಿಲ್ಲ, ವೈದ್ಯರ ಪ್ರಮಾಣಪತ್ರ ಬೇಡ, ವಿಮೆಯ ಗುರುತಿಗೆ ಹಾಕಿದ ಕಿವಿಯೋಲೆಯನ್ನು ಕತ್ತರಿಸಿ ತೋರಿಸುವುದು ಬೇಡ. ಹಣ ದೊಡ್ಡದಲ್ಲ, ಬೇಸಿಗೆಯ ಹಿಂಡಿಗೆ ಒದಗಿತು ಎನ್ನಬಹುದು. ಆದರೆ ಸೆಕೆಯೂ ಒಂದು ನಷ್ಟ ಎಂದು ಕಾಗದದ ಮೇಲೆ ಒಪ್ಪಿಕೊಂಡಂತಾಯಿತು.

ಚಿಕ್ಕೋಡಿ ಎಮ್ಮೆ

ಇದು ನಮ್ಮ ರಾಜ್ಯಕ್ಕೂ ಬರಬೇಕು. ಕಿವಿಯೋಲೆ ಬಿದ್ದುಹೋಗಿತ್ತೆಂಬ ಒಂದೇ ಕಾರಣಕ್ಕೆ ವಿಮೆ ಕಂಪನಿಯೊಂದು ನನ್ನ ಎಮ್ಮೆಯ ಹಣವನ್ನು ಕೊಡಲಿಲ್ಲ.

ನೈರೋಬಿ ನಿವಾಸಿ

ನಾನು ಶಿರಸಿಯವನು, ಕೆಲಸದ ನಿಮಿತ್ತ ಕೀನ್ಯಾದಲ್ಲಿದ್ದೇನೆ. ಇಲ್ಲಿ 2020ರ ಕೊನೆಯಿಂದ ಸತತ ಐದು ಮಳೆಗಾಲಗಳು ಕೈಕೊಟ್ಟವು. ಈ ದೇಶವೊಂದರಲ್ಲಿಯೇ 25 ಲಕ್ಷದಷ್ಟು ಜಾನುವಾರುಗಳು ಸತ್ತವು. ಉತ್ತರದ ಮರ್ಸಾಬಿತ್ ಕಡೆ ಹೋದಾಗ ರಸ್ತೆಯ ಎರಡೂ ಬದಿ ಒಣಗಿದ ಚರ್ಮ ಮತ್ತು ಪಕ್ಕೆಲುಬುಗಳನ್ನು ನೋಡಿದ್ದೇನೆ. ಪಕ್ಕದಲ್ಲಿ ಕೋಲು ಹಿಡಿದು ಸುಮ್ಮನೆ ಕುಳಿತ ಹಿರಿಯರೊಬ್ಬರು ತಮ್ಮ ದನಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು.

ಅದೇ ಮರ್ಸಾಬಿತ್‌ನಲ್ಲಿ 2010ರಿಂದ ಬೇರೆ ಬಗೆಯ ವಿಮೆಯೊಂದಿದೆ. ನೈರೋಬಿಯ ಅಂತರರಾಷ್ಟ್ರೀಯ ಪಶುಸಂಶೋಧನಾ ಸಂಸ್ಥೆ ಅದನ್ನು ರೂಪಿಸಿತು. ಉಪಗ್ರಹ ಮೇಲಿನಿಂದ ನೆಲದ ಹಸಿರನ್ನು ಅಳೆಯುತ್ತದೆ. ಹಸಿರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಣ ಪಾವತಿಯಾಗುತ್ತದೆ. ಮೊದಲು ದನ ಸತ್ತ ನಷ್ಟಕ್ಕೆ ಕೊಡುತ್ತಿದ್ದರು. ಆಮೇಲೆ, ದನ ಸಾಯುವ ಮೊದಲೇ ಮೇವು ಕೊಳ್ಳಲು ಕೈಗೆ ಸಿಗುವಂತೆ ಬದಲಾಯಿಸಿದರು. ಇಲ್ಲಿಯ ದನಗಾಹಿ ಸಾಂಬುರು ಜನರಲ್ಲಿ ಹಲವರು ದನ ಬಿಟ್ಟು ಒಂಟೆಗೆ ತಿರುಗಿದ್ದಾರೆ. ದನವನ್ನೇ ಸಂಪತ್ತು ಎಂದು ಹಾಡುವ ಜನಕ್ಕೆ ಅದು ಸಣ್ಣ ಮಾತಲ್ಲ.

ಚಳ್ಳಕೆರೆ ಕಾವಲು

ಉಪಗ್ರಹದ ಕಣ್ಣಿಗೆ ಬಳ್ಳಾರಿ ಜಾಲಿಯೂ ಹಸಿರೇ, ಹುಲ್ಲೂ ಹಸಿರೇ. ನಮ್ಮ ಕೆರೆಯಂಗಳಗಳು ಬರದಲ್ಲಿಯೂ ಜಾಲಿಯಿಂದ ಹಚ್ಚಗಿರುತ್ತವೆ. ಮೇವಿದೆ ಎಂದು ಲೆಕ್ಕ ಹಾಕಿ ಹಣ ತಡೆಹಿಡಿದರೆ ಯಾರನ್ನು ಕೇಳುವುದು?

ಕೊಪ್ಪಳದ ಕುರಿಗಾಹಿ

ಜಾಲಿಯ ಸೊಪ್ಪನ್ನು ಕುರಿ ಮುಟ್ಟುವುದಿಲ್ಲ, ಆದರೆ ಬೇಸಿಗೆಯಲ್ಲಿ ಉದುರುವ ಕಾಯಿಯನ್ನು ಆಸೆಯಿಂದ ತಿನ್ನುತ್ತದೆ. ಬರದ ವರ್ಷ ಎಷ್ಟೋ ಹಿಂಡುಗಳು ಆ ಕಾಯಿಯಿಂದಲೇ ಉಳಿದಿವೆ. ಉಳಿದಂತೆ ನಿಮ್ಮ ಮಾತು ಸರಿ.

ನೈರೋಬಿ ನಿವಾಸಿ

ಅದು ಇಲ್ಲಿಯೂ ಇರುವ ದೊಡ್ಡ ದೂರು, ಅದೇ ಜಾತಿಯ ಜಾಲಿ ಇಲ್ಲಿಯ ಹುಲ್ಲುಗಾವಲುಗಳನ್ನೂ ನುಂಗಿದೆ. ಉಪಗ್ರಹದ ಅಂಕಿಗೂ ನೆಲದ ಮೇಲಿನ ಹಸಿವಿಗೂ ಹೊಂದಿಕೆಯಾಗದ ವರ್ಷ ಜನರು ವಿಮೆಯನ್ನೇ ಬಿಟ್ಟುಬಿಡುತ್ತಾರೆ. ಹೈನು ಹಸುವಿಗೆ ಹಸಿರಿಗಿಂತ ಉಷ್ಣಾಂಶದ ಅಳತೆಯೇ ಸರಿಹೋಗಬಹುದು. ಅಳೆಯುವ ಯಂತ್ರ ತಾಲ್ಲೂಕಿಗೊಂದಲ್ಲ, ಹೋಬಳಿಗೊಂದಾದರೂ ಇರಬೇಕು.

ತಿಪಟೂರು ತೋಟ

ನಾಟಿ ಹಸುವಿನ ಬಗ್ಗೆ ಅತ್ತೆಯವರು ಹೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ.

ನಿವೃತ್ತ ಪಶುವೈದ್ಯ

ಅತ್ತೆಯವರು ಕಂಡಿದ್ದು ಸತ್ಯ. ಜೋಲುವ ಗಂಗೆದೊಗಲು, ಸಡಿಲ ಚರ್ಮ, ಚೆನ್ನಾಗಿ ಬೆವರುವ ಮೈ, ಕಡಿಮೆ ಹಸಿವು. ನಾಟಿ ತಳಿಯಾದ ಹಳ್ಳಿಕಾರಿಗೆ ಕೋಲಾರದ ಬಿಸಿಲು ಲೆಕ್ಕಕ್ಕಿಲ್ಲ. ಆದರೆ ಹಳ್ಳಿಕಾರ್ ಉಳುಮೆಯ ತಳಿ. ಕರುವಿಗೆ ಬಿಟ್ಟು ಎರಡು ಮೂರು ಲೀಟರ್ ಸಿಕ್ಕರೆ ಹೆಚ್ಚು, ಅದರಿಂದ ಸಾಲದ ಕಂತು ತೀರದು.

ನಡುವಿನ ದಾರಿಯೊಂದಿದೆ. ಎಚ್‌ಎಫ್ ಮಿಶ್ರತಳಿಗೆ ಮತ್ತೆ ಮತ್ತೆ ಎಚ್‌ಎಫ್ ವೀರ್ಯವನ್ನೇ ಕೊಡಿಸುತ್ತಾ ಹೋದರೆ ಅರ್ಧ ಇದ್ದ ವಿದೇಶಿ ರಕ್ತ ಮುಕ್ಕಾಲಾಗುತ್ತದೆ, ಮುಂದಿನ ತಲೆಮಾರಿಗೆ ಶೇ 87.5 ಆಗುತ್ತದೆ. ಅದನ್ನು ಅರ್ಧದಿಂದ ಶೇ 62.5ರೊಳಗೆ ನಿಲ್ಲಿಸಬೇಕೆಂಬುದು ಹಳೆಯ ಸಲಹೆ, ಪಾಲಿಸಿದವರು ಕಡಿಮೆ. ಸೇವೆಯಲ್ಲಿದ್ದಾಗ ಹೆಚ್ಚು ಹಾಲಿನ ಆಸೆಯನ್ನು ನಾವು ವೈದ್ಯರೂ ಬಿತ್ತಿದೆವು. ನನ್ನ ಕೈಯಿಂದಲೇ ಅಂಥ ನೂರಾರು ಹಸುಗಳಿಗೆ ಎಚ್‌ಎಫ್ ಕೊಟ್ಟಿದ್ದೇನೆ, ಈಗ ಅದನ್ನು ನೆನೆದು ಸಂಕಟವಾಗುತ್ತದೆ. ಕಟ್ಟದ ಹಸುವಿಗೆ ಸೆಕೆ ಇಳಿದ ಮೇಲೆ, ಜುಲೈ ಕಳೆದು, ಹಾಲಿನ ದೇಶಿ ತಳಿಯಾದ ಸಾಹಿವಾಲ್ ವೀರ್ಯವನ್ನು ಕೊಡಿಸಿ.

ಮುಳಬಾಗಿಲಿನ ಹೈನುಗಾರ್ತಿ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಮೊದಲು ಟ್ಯಾಂಕನ್ನು ಹುಣಸೆ ಮರದ ಕೆಳಗೆ ಸರಿಸಿದೆವು, ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹಸುಗಳು ಆ ಸಂಜೆ ಕುಡಿದ ನೀರನ್ನು ನೋಡಿ, ಇಷ್ಟು ದಿನ ಬಾಯಾರಿಸಿದೆನಲ್ಲಾ ಎಂದು ನನಗೆ ಕರುಳು ಹಿಂಡಿದಂತಾಯಿತು. ಶೀಟಿಗೆ ಸುಣ್ಣ ಬಳಿದು ಗರಿ ಹೊದಿಸಿದೆವು. ಕೊಳವೆಬಾವಿಯ ನೀರು ದಿನ ಬಿಟ್ಟು ದಿನ ಬರುವುದರಿಂದ ಮೈಮೇಲೆ ಸುರಿಯಲು ಆಗುವುದಿಲ್ಲ. ಗೋಣಿ ಚೀಲ ತೋಯಿಸಿ ಪಕ್ಕದ ಗೋಡೆಗೆ ಇಳಿಬಿಟ್ಟಿದ್ದೇನೆ. ರಾತ್ರಿ ಹತ್ತಕ್ಕೆ ಎದ್ದು ಹುಲ್ಲು ಹಾಕುತ್ತೇನೆ. ದೊಡ್ಡ ಹಸು 11ರಿಂದ 13ಕ್ಕೆ ಬಂದಿದೆ, ಎಸ್‌ಎನ್‌ಎಫ್ ನಿನ್ನೆ 8.4. ಹದಿನೇಳಕ್ಕೆ ಈ ಬೇಸಿಗೆಯಲ್ಲಿ ಮರಳುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ಕುರಿಯ ಮಾತನ್ನು ಯಜಮಾನರು ಕೈಬಿಟ್ಟರು, ಕೊಪ್ಪಳದ ಅಣ್ಣನ ಬರಹವನ್ನು ಅವರಿಗೆ ಓದಿ ಹೇಳಿದ್ದೆ. ಮೂರು ಎಚ್‌ಎಫ್‌ಗಳಲ್ಲಿ ಕಡೆಯದನ್ನು ಮಾರಿ, ಆ ಹಣದಲ್ಲಿ ಮುಂದಿನ ಸುಗ್ಗಿಗೆ ಎರಡು ಗಾಡಿ ರಾಗಿ ಹುಲ್ಲು ಕೊಂಡು ಬಣವೆ ಹಾಕಬೇಕೆಂದಿದ್ದೇವೆ. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಕಾಸರಗೋಡಿನ ಸೆಕೆ ವಿಮೆಯ ವಿಷಯವನ್ನು ಎತ್ತುತ್ತೇನೆ. ನೋಟ್‌ಬುಕ್ಕನ್ನು ಜೊತೆಗೆ ಒಯ್ಯುತ್ತೇನೆ. ನನ್ನಂತೆ ಬರೆದಿಡಲು ಇನ್ನೂ ಆರು ಮನೆಯ ಹೆಂಗಸರನ್ನು ಒಪ್ಪಿಸಿದ್ದೇನೆ.

ಕುಂಬಳೆ ಕನ್ನಡಿಗ

ನಮ್ಮ ಸಂಘದಲ್ಲಿರುವ ವಿಮೆಯ ಕಾಗದದ ಪ್ರತಿಯನ್ನು ನಾಳೆ ಇಲ್ಲಿ ಹಾಕುತ್ತೇನೆ, ಅಕ್ಕ. ಮಲಯಾಳದಲ್ಲಿದೆ, ಮುಖ್ಯ ಷರತ್ತುಗಳನ್ನು ಕನ್ನಡದಲ್ಲಿ ಬರೆದು ಕೊಡುತ್ತೇನೆ.

ನಿವೃತ್ತ ಪಶುವೈದ್ಯ

ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಮ್ಮ. ಮಧ್ಯಾಹ್ನ ಮೂರಕ್ಕೆ ಹಸುವಿನ ಪಕ್ಕೆ ಒಂದು ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ ಬರೆಯಿರಿ. ಅರವತ್ತು ದಾಟಿದ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಆರು ಮನೆಗಳಲ್ಲಿಯೂ.

ಕೊಪ್ಪಳದ ಕುರಿಗಾಹಿ

ಬಣವೆಯನ್ನು ಕಲ್ಲಿನ ಕಟ್ಟೆಯ ಮೇಲೆ ಹಾಕಿಸಿ, ಅಕ್ಕಾವರೇ. ನೆಲದ ಮೇಲೆ ಒಟ್ಟಿದರೆ ಹೊತ್ತಲ್ಲದ ಮಳೆಗೆ ಅಡಿಯ ಹುಲ್ಲು ಕಪ್ಪಾಗುತ್ತದೆ.